ಹದವೂ ಹೊಳಪೂ: ಹೇಳಿ ಮಾಡಿಸಿದ ಚೂರಿಯ ವಿಮರ್ಶೆ

೧

ಒಂದು ವಸ್ತು ತನ್ನ ಕೆಲಸಕ್ಕೆ ತಕ್ಕುದಾಗಿ ಕಂಡಾಗ ‘ಹೇಳಿ ಮಾಡಿಸಿದಂತಿದೆ’ ಎನ್ನುವುದು ಕನ್ನಡದ ರೂಢಿ. ಈ ನುಡಿಗಟ್ಟಿನೊಳಗೆ ಇಬ್ಬರಿದ್ದಾರೆ: ಹೇಳುವವನೊಬ್ಬ, ಮಾಡುವವನೊಬ್ಬ. ಹೇಳುವವನಿಗೆ ತನ್ನ ಕೆಲಸ ಗೊತ್ತು. ಮಾಡುವವನಿಗೆ ತನ್ನ ಲೋಹ ಗೊತ್ತು. ಇಬ್ಬರ ತಿಳಿವಳಿಕೆಯೂ ಒಂದೇ ವಸ್ತುವಿನಲ್ಲಿ ಕೂಡಿಬಂದಾಗ ಮಾತ್ರ ಆ ಮೆಚ್ಚುಗೆಯ ಮಾತು ನಿಜವಾಗಿ ಸಲ್ಲುತ್ತದೆ. ಇಬ್ಬರಲ್ಲಿ ಒಬ್ಬನು ಮೌನವಾದರೂ ವಸ್ತು ಕೆಡುತ್ತದೆ. ಮಾಡುವವನು ಕೆಟ್ಟರೆ ಕೆಡುಕು ಬೇಗ ಗೊತ್ತಾಗುತ್ತದೆ. ಹೇಳುವವನು ಕೆಟ್ಟರೆ ಅದು ಗೊತ್ತಾಗುವುದು ಬಹಳ ತಡವಾಗಿ.

ಈ ಮಾತಿಗೆ ಒಳ್ಳೆಯ ನಿದರ್ಶನವೆಂದರೆ ಕೈಯಿಂದ ಮಾಡಿದ ಚೂರಿ. ಕಾರ್ಖಾನೆಗಳು ಲಕ್ಷಗಟ್ಟಲೆ ಅಲಗುಗಳನ್ನು ಅಚ್ಚೊತ್ತಿ ಹೊರಹಾಕುವ ಕಾಲದಲ್ಲಿಯೂ, ಒಬ್ಬ ಕುಶಲಕರ್ಮಿ ಒಬ್ಬ ಗಿರಾಕಿಗಾಗಿ ಒಂದೊಂದಾಗಿ ಮಾಡಿಕೊಡುವ ಚೂರಿಗೆ ಬೇಡಿಕೆ ಅಳಿದಿಲ್ಲ. ಕಳೆದ ಶತಮಾನದ ನಡುಗಾಲದಿಂದೀಚೆಗೆ ಅದು ಬೆಳೆದೇ ಇದೆ. ಬೇಟೆಗಾರರು, ಕಾಡಿನಲ್ಲಿ ಬಿಡಾರ ಹೂಡುವವರು, ವೃತ್ತಿಯ ಅಡುಗೆಯವರು, ಇವರೆಲ್ಲರಿಗಿಂತ ಮಿಗಿಲಾಗಿ ಸಂಗ್ರಾಹಕರು ಅದರ ಗಿರಾಕಿಗಳು. ಈ ಕಸಬಿನ ಆಧುನಿಕ ಪುನರುಜ್ಜೀವನ ಬಹುಮಟ್ಟಿಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದದ್ದು. ಆದರೂ ಅದರ ಕಥೆ ಕನ್ನಡಿಗರಿಗೆ ಎರಡು ಕಾರಣಗಳಿಂದ ವಿಚಾರಾರ್ಹವಾಗಿದೆ. ಆ ಕಸಬಿನಲ್ಲಿ ಅತ್ಯಂತ ಹೊಗಳಿಕೆಗೆ ಪಾತ್ರವಾದ ಹೆಸರಿನ ಹಿಂದೆ ದಕ್ಷಿಣ ಭಾರತದ ಒಂದು ಲೋಹವಿದೆ, ಆ ಲೋಹದ ಹೆಸರಿನ ಹಿಂದೆ ಒಂದು ಕನ್ನಡ ಶಬ್ದವಿದೆ. ಇದು ಮೊದಲನೆಯದು. ಬಳಕೆಯಿಂದ ದೂರವಾದ ಕಸಬಿಗೆ ವಿಮರ್ಶಕನು ಯಾರು ಎಂಬ ಪ್ರಶ್ನೆಯನ್ನು ಈ ಕಥೆ ತೀಕ್ಷ್ಣವಾಗಿ ಎತ್ತುತ್ತದೆ. ಇದು ಎರಡನೆಯದು.

೨

ಅಮೆರಿಕದ ಕೈಚೂರಿಗಳ ಪರಂಪರೆಯಲ್ಲಿ ಮೊದಲು ನೆನೆಯಬೇಕಾದವನು ಮಿಷಿಗನ್ ಪ್ರಾಂತದ ವಿಲಿಯಮ್ ಸ್ಕೇಗಲ್. ಅವನು ೧೯೬೩ರಲ್ಲಿ ತೀರಿಕೊಂಡನು. ಆತನ ಚೂರಿಯೊಂದನ್ನು ಯಾರೋ ದೋಣಿಯ ಹಳೆಯ ಬಣ್ಣವನ್ನು ಕೆರೆಯುವುದಕ್ಕೆ ಬಳಸುತ್ತಿದ್ದುದನ್ನೂ ಅಷ್ಟಾದರೂ ಅದರ ಬಾಯಿ ಕೆಡದಿದ್ದುದನ್ನೂ ಕಂಡು ಬೆರಗಾದ ರಾಂಡಲ್ ಎಂಬುವನು ತಾನೂ ಚೂರಿ ಮಾಡತೊಡಗಿದನೆಂದು ಪ್ರತೀತಿ. ಇದು ೧೯೩೦ರ ದಶಕದ ಉತ್ತರಾರ್ಧದ ಮಾತು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ರಾಂಡಲ್ ನಡೆಸಿದ ಕಾರ್ಯಾಗಾರದ ಚೂರಿಗಳು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಸೊಂಟದಲ್ಲಿ ಹೆಸರು ಗಳಿಸಿದವು. ೧೯೫೦ರ ದಶಕದ ಮೊದಲ ಭಾಗದಲ್ಲಿ ರಾಬರ್ಟ್ ಲವ್‌ಲೆಸ್ ಎಂಬ ತರುಣ ನಾವಿಕನು ನ್ಯೂಯಾರ್ಕಿನ ಅಂಗಡಿಯೊಂದಕ್ಕೆ ರಾಂಡಲ್ ಚೂರಿ ಕೊಳ್ಳಲು ಹೋಗಿ, ತಿಂಗಳುಗಟ್ಟಲೆ ಕಾಯಬೇಕೆಂಬ ಉತ್ತರ ಕೇಳಿ, ಹಿಂದಿರುಗಿ ತನ್ನ ಚೂರಿಯನ್ನು ತಾನೇ ಮಾಡಿಕೊಂಡನು. ೨೦೧೦ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನು ಈ ಕಸಬಿನ ಅಗ್ರಗಣ್ಯನೆಂದು ಹೆಸರಾಗಿದ್ದನು.

ಈ ಮೂವರ ಕಥೆಯಲ್ಲಿಯೂ ಮೊದಲು ಮಾತಾಡಿದ್ದು ಕೆಲಸ. ಸ್ಕೇಗಲನ ಚೂರಿಯನ್ನು ರಾಂಡಲ್ ಗುರುತಿಸಿದ್ದು ಪ್ರದರ್ಶನದ ಪೆಟ್ಟಿಗೆಯಲ್ಲಿ ಅಲ್ಲ, ಬಣ್ಣ ಕೆರೆಯುವ ಒರಟು ದುಡಿಮೆಯಲ್ಲಿ. ಲವ್‌ಲೆಸ್ ಪ್ರಚಾರಕ್ಕೆ ತಂದ ಬೇಟೆಚೂರಿಯ ಆಕಾರವೂ ಕೆಲಸದಿಂದ ಹುಟ್ಟಿದ್ದು. ಅದರಲ್ಲಿ ಅಲಗಿನ ಬೆನ್ನು ಮುಂದೆ ಹೋದಂತೆ ಮೆಲ್ಲಗೆ ಕೆಳಗೆ ಬಾಗಿ ಮೊನೆಯನ್ನು ತಗ್ಗಿಸುತ್ತದೆ. ಬೇಟೆಯ ಮೃಗದ ತೊಗಲನ್ನು ಸುಲಿಯುವಾಗ ಮೊನೆ ಮೇಲಕ್ಕೆ ಚಾಚಿಕೊಂಡಿದ್ದರೆ ಅದು ಒಳಗಿನ ಕರುಳನ್ನು ಚುಚ್ಚಿ ಮಾಂಸವನ್ನು ಕೆಡಿಸುತ್ತದೆ. ತಗ್ಗಿದ ಮೊನೆ ಹಾಗೆ ಮಾಡುವುದಿಲ್ಲ. ನೋಡುವ ಕಣ್ಣಿಗೆ ಒಂದು ಸೊಗಸಾದ ಬಾಗಾಗಿ ತೋರುವುದು ಬೇಟೆಗಾರನ ಕೈಗೆ ಒಂದು ಎಚ್ಚರಿಕೆಯಾಗಿದೆ. ಉಪಕರಣದ ಸೌಂದರ್ಯವೆಂದರೆ ಬಹುಶಃ ಇಷ್ಟೇ: ಕಾರಣವು ಕಣ್ಣಿಗೆ ಕಾಣುವಂತೆ ನಿಲ್ಲುವುದು.

ಲವ್‌ಲೆಸ್ ಹೆಚ್ಚಾಗಿ ಅನುಸರಿಸಿದ್ದು ಉಕ್ಕಿನ ಪಟ್ಟಿಯನ್ನು ಕೊರೆದು, ಸಾಣೆಯಲ್ಲಿ ತೇದು ಅಲಗನ್ನು ಹೊರತೆಗೆಯುವ ಕ್ರಮ. ಕುಲುಮೆಯಲ್ಲಿ ಕಾಯಿಸಿ ಬಡಿಯುವ ಕ್ರಮವಲ್ಲ. ೧೯೭೦ರ ದಶಕದಲ್ಲಿ ಅವನು ಮೆಚ್ಚಿ ಬಳಸಿದ ೧೫೪ ಸಿಎಮ್ ಎಂಬ ಉಕ್ಕಿನಲ್ಲಿ ಶೇಕಡಾ ೧೪ರಷ್ಟು ಕ್ರೋಮಿಯಮ್ ಮತ್ತು ೪ರಷ್ಟು ಮಾಲಿಬ್ಡಿನಮ್ ಇದ್ದು, ಅದು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಬಡಿದು ಮಾಡಿದ್ದೇ ನಿಜವಾದ ಚೂರಿ, ತೇದು ಮಾಡಿದ್ದು ಅದರ ನೆರಳು ಎಂಬ ವಾದ ಇಂದಿಗೂ ಕೇಳಬರುತ್ತದೆ. ಆದರೆ ಪರಿಶೀಲಿಸಿದರೆ ಈ ವಾದದಲ್ಲಿ ಹುರುಳು ಕಡಮೆ. ಆಧುನಿಕ ಕಾರ್ಖಾನೆಯಿಂದ ಬರುವ ಉಕ್ಕು ಮೊದಲೇ ಒಂದೇ ಸಮನಾಗಿರುತ್ತದೆ. ಸುತ್ತಿಗೆಯ ಪೆಟ್ಟು ಅದಕ್ಕೆ ಆಕಾರ ಕೊಡುತ್ತದೆ, ಲೋಹವನ್ನು ಉಳಿಸುತ್ತದೆ. ಗುಣವನ್ನು ತಾನಾಗಿ ಹೆಚ್ಚಿಸುವುದಿಲ್ಲ. ಅತಿಯಾಗಿ ಕಾಯಿಸಿದರೆ ಉಕ್ಕಿನ ಕಣಗಳು ದಪ್ಪಗಾಗಿ ಗುಣ ತಗ್ಗುವುದೂ ಉಂಟು. ಬಡಿದ ಚೂರಿಗೂ ತೇದ ಚೂರಿಗೂ ಯೋಗ್ಯತೆ ಬರುವುದು ಮುಂದಿನ ಒಂದು ಘಟ್ಟದಲ್ಲಿ. ಆ ಘಟ್ಟಕ್ಕೆ ಬರುವ ಮುನ್ನ ಈ ಕಸಬು ಹಿಡಿದ ಒಂದು ತಿರುವನ್ನು ನೋಡಬೇಕಾಗಿದೆ.

೩

೧೯೭೦ರಲ್ಲಿ ಅಮೆರಿಕದ ಚೂರಿಕಾರರು ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಲವ್‌ಲೆಸ್ ಅದರ ಸ್ಥಾಪಕರಲ್ಲಿ ಒಬ್ಬ. ೧೯೭೩ರಲ್ಲಿ ಕನ್ಸಾಸ್ ಸಿಟಿಯಲ್ಲಿ ನಡೆದ ಸಂಘದ ಪ್ರದರ್ಶನಕ್ಕೆ ಮೇರಿಲ್ಯಾಂಡಿನ ಕಮ್ಮಾರ ವಿಲಿಯಮ್ ಮೊರಾನ್ ಕೆಲವು ಚೂರಿಗಳನ್ನು ತಂದನು. ಅವುಗಳ ಅಲಗಿನ ಮೇಲೆ ನೀರಿನ ಅಲೆಗಳಂತೆ ಗೆರೆಗಳು ಮೂಡಿದ್ದವು. ಡಮಾಸ್ಕಸ್ ಉಕ್ಕೆಂದು ಹೆಸರಿಟ್ಟ ಆ ಅಲಗುಗಳು ನೋಡಿದವರ ಮನಸ್ಸನ್ನು ಸೆಳೆದುಕೊಂಡವು. ಅಂದಿನಿಂದ ಅಲೆಗೆರೆಯ ಅಲಗು ಕೈಚೂರಿಯ ಕಸಬಿಗೆ ಒಂದು ಲಾಂಛನದಂತೆಯೇ ಆಗಿದೆ.

ಇದನ್ನು ಮಾಡುವ ಬಗೆ ಹೀಗೆ: ಎರಡು ಜಾತಿಯ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು ಒಂದಾಗಿ ಬೆಸೆಯುತ್ತಾರೆ. ಬೆಸೆದ ಗಟ್ಟಿಯನ್ನು ಉದ್ದಕ್ಕೆ ಎಳೆದು, ಮಡಿಸಿ, ಮತ್ತೆ ಬೆಸೆಯುತ್ತಾರೆ. ಒಂದೊಂದು ಮಡಿಕೆಗೂ ಪದರಗಳು ಇಮ್ಮಡಿಸುತ್ತವೆ. ೧೦ ಪದರಗಳಿಂದ ತೊಡಗಿದರೆ ಐದು ಮಡಿಕೆಗಳಿಗೆ ೩೨೦ ಪದರಗಳಾಗುತ್ತವೆ. ಅಲಗು ಸಿದ್ಧವಾದ ಮೇಲೆ ಅದನ್ನು ಫೆರಿಕ್ ಕ್ಲೋರೈಡಿನಂಥ ದ್ರಾವಣದಲ್ಲಿ ಅದ್ದಿದರೆ ನಿಕ್ಕಲ್ ಬೆರೆತ ಪದರ ಬೆಳ್ಳಗೆ ಉಳಿದು, ಇನ್ನೊಂದು ಪದರ ಕಪ್ಪಾಗಿ, ಗೆರೆಗಳು ಎದ್ದು ತೋರುತ್ತವೆ. ಗಟ್ಟಿಯನ್ನು ತಿರುಚಿದರೆ ಒಂದು ವಿನ್ಯಾಸ, ಅಲ್ಲಲ್ಲಿ ಕೊರೆದು ಚಪ್ಪಟೆಗೊಳಿಸಿದರೆ ಇನ್ನೊಂದು. ಇದು ಸುಲಭದ ವಿದ್ಯೆಯಲ್ಲ. ಒಂದು ಪದರದ ನಡುವೆ ಕೊಳೆ ಉಳಿದರೂ ಬೆಸುಗೆ ಬಿಡುತ್ತದೆ. ಮೊರಾನನ ಸಾಧನೆಯನ್ನು ಕಡೆಗಣಿಸುವುದು ಅನ್ಯಾಯವಾದೀತು.

ಆದರೆ ಸಾಧನೆ ಒಂದು, ಅದರ ಪರಿಣಾಮ ಇನ್ನೊಂದು. ಅಲೆಗೆರೆ ಬಂದ ಮೇಲೆ ಚೂರಿಯ ಬೆಲೆ ಕಣ್ಣಿನ ವಶಕ್ಕೆ ಹೋಯಿತು. ಚಿತ್ರದಲ್ಲಿ ತೋರುವ ಗುಣಗಳು ಮುಂದೆ ಬಂದವು: ಅಲಗಿನ ವಿನ್ಯಾಸ, ಹಿಡಿಯ ಮರದ ನಾರು, ಹಿತ್ತಾಳೆ ಬೆಳ್ಳಿಗಳ ಅಂಚು, ಕನ್ನಡಿಯಂಥ ಹೊಳಪು. ಚಿತ್ರದಲ್ಲಿ ತೋರದ ಗುಣಗಳು ಹಿಂದೆ ಸರಿದವು. ಲವ್‌ಲೆಸನ ಚೂರಿಗಳಿಗೂ ಇದೇ ಗತಿಯಾಯಿತು. ಮೃಗದ ತೊಗಲು ಸುಲಿಯಲೆಂದು ಯೋಚಿಸಿ ರೂಪಿಸಿದ ಅಲಗುಗಳು ಸಾವಿರಾರು ಡಾಲರುಗಳಿಗೆ ಮಾರಾಟವಾಗಿ, ಒಂದು ಹಗ್ಗವನ್ನೂ ಕತ್ತರಿಸದೆ ಮಖಮಲ್ಲಿನ ಪೆಟ್ಟಿಗೆ ಸೇರಿದವು. ಅಲ್ಲಿ ಹೇಳುವವನು ಉಳಿದಿಲ್ಲ. ನೋಡುವವನು ಅವನ ಜಾಗಕ್ಕೆ ಬಂದಿದ್ದಾನೆ.

೪

ಡಮಾಸ್ಕಸ್ ಎಂಬ ಹೆಸರನ್ನು ಇಲ್ಲಿ ವಿಚಾರಿಸಬೇಕು. ಹಿಂದೆ ಪಶ್ಚಿಮ ಏಷ್ಯದಲ್ಲಿ ಈ ಹೆಸರಿನಿಂದ ಪ್ರಸಿದ್ಧವಾದ ಖಡ್ಗಗಳ ಅಲೆಗೆರೆ ಪದರಗಳನ್ನು ಬೆಸೆದು ಬಂದದ್ದಲ್ಲ. ಅದು ಮೂಸೆಯಲ್ಲಿ ಕರಗಿಸಿದ ಒಂದೇ ಗಟ್ಟಿಯಿಂದ, ಉಕ್ಕಿನ ಒಳಗುಣದಿಂದಲೇ ಹೊಮ್ಮಿದ್ದು. ಆ ಗಟ್ಟಿಗಳ ಮುಖ್ಯ ತೌರುಗಳಲ್ಲಿ ದಕ್ಷಿಣ ಭಾರತವೂ ಒಂದು. ಅದರಲ್ಲಿ ಮೈಸೂರು ಸೀಮೆಯೂ ಸೇರಿತ್ತು.

೧೭೯೪ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳಿಸಿದನು. ೧೭೯೫ರ ಜೂನ್ ೧೧ರಂದು ಜಾರ್ಜ್ ಪಿಯರ್ಸನ್ ಆ ಸಭೆಯ ಮುಂದೆ ಓದಿದ ಪ್ರಬಂಧದಲ್ಲಿ ಅದು ‘ವೂಟ್ಸ್’ ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ಭಾರತದ ಯಾವ ಭಾಷೆಯಲ್ಲಿಯೂ ಈ ರೂಪದ ಶಬ್ದವಿಲ್ಲ. ೧೮೮೬ರಲ್ಲಿ ಹೊರಬಂದ ಹಾಬ್ಸನ್-ಜಾಬ್ಸನ್ ನಿಘಂಟಿನ ಕರ್ತೃಗಳು ಇದು ಬರೆಹಗಾರನ ಕೈತಪ್ಪಿನಿಂದ ಬಂದುದಿರಬೇಕೆಂದೂ ಮೂಲ ಶಬ್ದ ಕನ್ನಡದ ‘ಉಕ್ಕು’ ಆಗಿರಬಹುದೆಂದೂ ಊಹಿಸಿದರು. ಈ ಊಹೆ ಇಂದು ಬಹುಜನಸಮ್ಮತವಾಗಿದೆ. ತೆಲುಗಿನಲ್ಲಿಯೂ ಉಕ್ಕು ಎಂದೇ ಹೆಸರು. ತಮಿಳಿನ ‘ಉರುಕ್ಕು’ ಅದರ ಜ್ಞಾತಿ. ಅದರ ಧಾತುವಿನ ಅರ್ಥ ಕರಗುವುದು. ಕರಗಿಸಿ ಪಡೆದ ಕಬ್ಬಿಣವೆಂಬ ಅರ್ಥ ಹೆಸರಿನೊಳಗೇ ಅಡಗಿದೆ.

ಮೆದು ಕಬ್ಬಿಣದ ತುಣುಕುಗಳನ್ನು ಆವರಿಕೆ ಗಿಡದ ಕಟ್ಟಿಗೆಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಹಸಿರೆಲೆ ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೂದಿ ಕರಗಿಸುವುದು ಉಕ್ಕು ಮಾಡುವ ಕ್ರಮ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ೧೮೦೭ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಅಲ್ಲಿಯ ಕಬ್ಬಿಣ ಉಕ್ಕುಗಳ ಕುಲುಮೆಗಳನ್ನು ವರ್ಣಿಸಿದ್ದಾನೆ. ಕಟ್ಟಿಗೆಯ ಇಂಗಾಲವು ಕಬ್ಬಿಣದೊಳಕ್ಕೆ ಇಳಿದು, ನೂರಕ್ಕೆ ಸುಮಾರು ಒಂದೂವರೆ ಪಾಲಿನಷ್ಟಾಗಿ, ಮೂಸೆ ನಿಧಾನವಾಗಿ ಆರಿದಾಗ ಸಣ್ಣದೊಂದು ಉಕ್ಕಿನ ಗಟ್ಟಿ ದೊರೆಯುತ್ತಿತ್ತು. ಇದನ್ನು ಬಿಳಿಗಾವಿನಲ್ಲಿ ಬಡಿದರೆ ಪುಡಿಪುಡಿಯಾಗುತ್ತದೆ. ಯೂರೋಪಿನ ಎಷ್ಟೋ ಕಮ್ಮಾರರು ಹೀಗೆ ಕೈಸುಟ್ಟುಕೊಂಡರು. ತಗ್ಗಿದ ಕಾವಿನಲ್ಲಿ ಬಡಿದ ಲಂಡನ್ನಿನ ಚೂರಿಕಾರ ಜೇಮ್ಸ್ ಸ್ಟೊಡಾರ್ಟ್ ಮಾತ್ರ ಬ್ಯಾಂಕ್ಸನ ಕೋರಿಕೆಯಂತೆ ಅದರಿಂದ ಲೇಖನಿ ಹೆರೆಯುವ ಚೂರಿಯೊಂದನ್ನು ಮಾಡಿ, ಅದರ ಬಾಯಿ ಅತ್ಯುತ್ತಮ ಉಕ್ಕಿಗೆ ಸಮವಾದುದೆಂದು ಕಂಡುಕೊಂಡನು. ಇದೇ ಸ್ಟೊಡಾರ್ಟ್ ಮುಂದೆ ಮೈಕೇಲ್ ಫ್ಯಾರಡೆಯೊಡನೆ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದನು. ಗಮನಿಸಬೇಕಾದ ಅಂಶವಿದು: ಉಕ್ಕಿನ ಬಗ್ಗೆ ಚೂರಿಕಾರನೊಬ್ಬ ಕೊಟ್ಟ ಮೊದಮೊದಲ ತೀರ್ಪು ಬಾಯಿಯ ಬಗ್ಗೆ ಕೊಟ್ಟ ತೀರ್ಪು, ಗೆರೆಯ ಬಗ್ಗೆ ಅಲ್ಲ.

ಆ ಗೆರೆಯ ಗುಟ್ಟನ್ನು ಬಿಡಿಸುವಲ್ಲಿ ಒಬ್ಬ ಕಮ್ಮಾರನ ಕೈಯೂ ಸೇರಿತ್ತು. ಅಯೊವಾದ ಲೋಹಶಾಸ್ತ್ರಜ್ಞ ಜಾನ್ ವರ್‌ಹೂವನ್, ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತ ಚೂರಿಯನ್ನೂ ಮಾಡುತ್ತಿದ್ದ ಆಲ್ಫ್ರೆಡ್ ಪೆಂಡ್ರೆ, ಇವರಿಬ್ಬರೂ ಹಲವು ವರ್ಷ ಕೂಡಿ ದುಡಿದು, ೧೯೯೮ರಲ್ಲಿ ಸಹಲೇಖಕರೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದಿರಿನಲ್ಲಿ ಸಹಜವಾಗಿ ಬೆರೆತಿದ್ದ ವನೇಡಿಯಮ್ಮಿನಂಥ ಧಾತುಗಳ ಅತ್ಯಲ್ಪ ಅಂಶವೇ ಅಲಗಿನಲ್ಲಿ ಕಾರ್ಬೈಡಿನ ಗಟ್ಟಿಕಣಗಳನ್ನು ಸಾಲುಗಟ್ಟಿಸುತ್ತದೆ, ತಗ್ಗಿದ ಕಾವಿನಲ್ಲಿ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಆ ಸಾಲುಗಳೇ ಅಲೆಗೆರೆಗಳಾಗಿ ತೋರುತ್ತವೆ ಎಂಬುದು ಅವರ ನಿರ್ಣಯ. ಹಾಗಾದರೆ ಪ್ರಾಚೀನ ಖಡ್ಗದ ಗೆರೆ ಒಂದು ಸಾಕ್ಷಿ: ಈ ಉಕ್ಕು ಇಂಥ ಮೂಸೆಯಲ್ಲಿ ಬೆಂದದ್ದು, ಇದನ್ನು ಅತಿಯಾಗಿ ಕಾಯಿಸಿಲ್ಲ ಎಂದು ಅದು ಹೇಳುತ್ತಿತ್ತು. ಇಂದಿನ ಬೆಸುಗೆಯ ಅಲಗಿನ ಗೆರೆ ಎರಡು ಲೋಹಗಳು ಬೆಸೆದಿವೆಯೆಂದು ಹೇಳೀತು. ಅಲಗಿನ ಬಾಯಿ ಎಂಥದೆಂದು ಹೇಳಲಾರದು.

ಕನ್ನಡಿಗರ ಅಭಿಮಾನಕ್ಕೂ ಇಲ್ಲಿ ಒಂದು ಎಚ್ಚರಿಕೆಯಿದೆ. ಜಗತ್ತಿಗೆ ಡಮಾಸ್ಕಸ್ ಖಡ್ಗವನ್ನು ಕೊಟ್ಟದ್ದು ಕನ್ನಡದ ಉಕ್ಕು ಎಂಬ ಮಾತು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆ ಅಭಿಮಾನದಿಂದಲೇ ಅಲೆಗೆರೆಯ ಅಡುಗೆಚೂರಿಯನ್ನು ದುಬಾರಿ ಬೆಲೆಗೆ ಕೊಂಡವನ ಮನೆಯಲ್ಲಿ ಉಕ್ಕಿನ ಪರಂಪರೆಯೇನೂ ಬಂದು ನೆಲೆಸುವುದಿಲ್ಲ. ಅವನು ಕೊಂಡದ್ದು ಹೆಸರನ್ನು. ಮೂಸೆಯ ಮುಂದೆ ಕುಳಿತು ತಿದಿಯೂದಿದವನ ವಿದ್ಯೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗಿತ್ತು. ಆ ವಿದ್ಯೆಗೆ ಸಲ್ಲಬೇಕಾದ ಗೌರವವೆಂದರೆ ಅವನು ಯಾವುದನ್ನು ಮುಖ್ಯವೆಂದು ಎಣಿಸಿದ್ದನೋ ಅದನ್ನು ಮುಖ್ಯವೆಂದು ಎಣಿಸುವುದು.

೫

ಅದಕ್ಕೆ ಕನ್ನಡದಲ್ಲಿ ಒಂದು ಶಬ್ದವಿದೆ: ಹದ. ಮಣ್ಣಿಗೆ ಹದವುಂಟು, ಪಾಕಕ್ಕೆ ಹದವುಂಟು, ತೊಗಲಿಗೆ ಹದವುಂಟು, ಮಾತಿಗೂ ಹದವುಂಟು. ಅತ್ತ ಹೆಚ್ಚೂ ಅಲ್ಲ, ಇತ್ತ ಕಡಮೆಯೂ ಅಲ್ಲ ಎನ್ನುವ ಆ ನಡುವಣ ಸ್ಥಿತಿಯನ್ನು ಕಮ್ಮಾರನಷ್ಟು ಕರಾರುವಾಕ್ಕಾಗಿ ಬಲ್ಲವರು ಕಡಮೆ. ಶೇಕಡಾ ೦.೮ರಷ್ಟು ಇಂಗಾಲವಿರುವ ಸಾಧಾರಣ ಉಕ್ಕಿನ ಅಲಗನ್ನು ಸುಮಾರು ೮೦೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಷ್ಟು ಗಟ್ಟಿಯಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಮತ್ತೆ ಅದನ್ನು ಸುಮಾರು ೨೦೦ ಡಿಗ್ರಿಯಲ್ಲಿ ಗಂಟೆಗಟ್ಟಲೆ ಮೆಲ್ಲಗೆ ಬೇಯಿಸಬೇಕು. ಆಗ ಉಜ್ಜಿದ ಮೈಯ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಗಡಸುತನ ತುಸು ಇಳಿದು ಬಿಗುವು ಬರುತ್ತದೆ. ಕಾವು ಇನ್ನೂ ಏರಿ ನೀಲಿಬಣ್ಣ ಬಂದರೆ ಅಲಗು ಸ್ಪ್ರಿಂಗಿನಂತೆ ಬಳುಕೀತು, ಆದರೆ ಬಾಯಿ ಬೇಗ ಮೊಂಡಾದೀತು. ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಚೂರಿ ಉಳಿಯುತ್ತದೆ ಇಲ್ಲವೆ ಅಳಿಯುತ್ತದೆ.

ಈ ಹದ ಕಣ್ಣಿಗೆ ಕಾಣುವುದಿಲ್ಲ. ಹೊಳಪು ಕೊಟ್ಟ ಮೇಲೆ ಹುಲ್ಲಿನ ಬಣ್ಣವೂ ಹೋಗುತ್ತದೆ. ಹದಗೆಟ್ಟ ಅಲಗೂ ಹದವರಿತ ಅಲಗೂ ಪಕ್ಕಪಕ್ಕದಲ್ಲಿ ಒಂದೇ ತೆರನಾಗಿ ಮಿರುಗುತ್ತವೆ. ಅವೆರಡನ್ನೂ ಬೇರ್ಪಡಿಸಬಲ್ಲದ್ದು ಬಳಕೆಯೊಂದೇ. ಬಳಸದ ಚೂರಿಗೆ ವಿಮರ್ಶೆ ಸಾಧ್ಯವಿಲ್ಲ. ವರ್ಣನೆ ಮಾತ್ರ ಸಾಧ್ಯ.

ಅಮೆರಿಕದ ಕಸಬುದಾರರು ಈ ಸತ್ಯವನ್ನು ಅರಿಯದವರೇನಲ್ಲ. ಮೊರಾನ್ ಮೊದಲಾದವರು ೧೯೭೬ರಲ್ಲಿ ಸ್ಥಾಪಿಸಿದ ಕಮ್ಮಾರಸಂಸ್ಥೆ, ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ, ತನ್ನ ಪದವಿ ಬೇಡುವವರ ಅಲಗಿಗೆ ನಾಲ್ಕು ಪರೀಕ್ಷೆಗಳನ್ನು ಇಟ್ಟಿದೆ. ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಬೀಸಿಗೆ ತುಂಡರಿಸಬೇಕು. ಎರಡಂಗುಲಕ್ಕೆ ನಾಲ್ಕಂಗುಲದ ಮರದ ತೊಲೆಯನ್ನು ಎರಡು ಸಲ ಕಡಿದು ತುಂಡುಮಾಡಬೇಕು. ಅಷ್ಟಾದ ಮೇಲೂ ಅದೇ ಬಾಯಿ ತೋಳಿನ ಕೂದಲನ್ನು ಬೋಳಿಸಬೇಕು. ಕಡೆಗೆ ಇಕ್ಕುಳದಲ್ಲಿ ಕಚ್ಚಿಸಿ ಅಲಗನ್ನು ೯೦ ಡಿಗ್ರಿ ಬಾಗಿಸಿದಾಗ ಅದು ಮುರಿಯಬಾರದು. ಉನ್ನತ ಪದವಿಯ ಅಭ್ಯರ್ಥಿ ಇವನ್ನೆಲ್ಲ ಕನಿಷ್ಠ ೩೦೦ ಪದರಗಳ ಅಲೆಗೆರೆಯ ಅಲಗಿನಿಂದಲೇ ಮಾಡಿ ತೋರಬೇಕು. ಚೆಲುವಾದ ಅಲಗನ್ನು ದುಡಿಸಿ, ಬಾಗಿಸಿ, ಹಾಳುಮಾಡಿಯೇ ಅದರ ಯೋಗ್ಯತೆಯನ್ನು ಅಳೆಯುವ ಈ ನಿಯಮ ಅತ್ಯಂತ ಪ್ರಾಮಾಣಿಕವಾದುದು. ಹೊಳಪಿನ ಮೋಹಕ್ಕೆ ಕಸಬು ತಾನೇ ಹಾಕಿಕೊಂಡ ಕಡಿವಾಣವಿದು.

ಆದರೆ ಇದಕ್ಕೂ ಒಂದು ಮಿತಿಯಿದೆ. ತೊಲೆ ಕಡಿಯುವ, ತೊಂಬತ್ತು ಡಿಗ್ರಿ ಬಾಗುವ ಅಲಗು ಕಾಡಿನ ಅಲಗು. ಅದರ ಬೆನ್ನು ನಾಲ್ಕೈದು ಮಿಲಿಮೀಟರ್ ದಪ್ಪವಿರುತ್ತದೆ, ಬಾಯಿಯ ಕೋನ ಒಂದೊಂದು ಬದಿಗೆ ಇಪ್ಪತ್ತು ಡಿಗ್ರಿಗೂ ಮಿಗಿಲು. ಅಡುಗೆಚೂರಿಯ ಧರ್ಮ ಬೇರೆ. ಅದರ ಬೆನ್ನು ಎರಡು ಮಿಲಿಮೀಟರಿನ ಸುತ್ತಮುತ್ತ. ಬಾಯಿಯ ಕೋನ ಹತ್ತರಿಂದ ಹದಿನೈದು ಡಿಗ್ರಿ. ದಪ್ಪಬೆನ್ನಿನ ಕಾಡುಚೂರಿಯಿಂದ ಕುಂಬಳಕಾಯಿ ಹೆಚ್ಚಿದರೆ ಹೋಳು ಕತ್ತರಿಸುವುದರ ಬದಲು ಸೀಳುತ್ತದೆ. ತೆಳುವಾದ ಅಡುಗೆಚೂರಿಯಿಂದ ಸೌದೆ ಸಿಗಿದರೆ ಬಾಯಿ ಚೂರುಚೂರಾಗುತ್ತದೆ. ಎರಡೂ ಕೆಲಸಕ್ಕೆ ಒಂದೇ ಚೂರಿಯೆಂದು ಹೊಗಳಿ ಮಾರುವವನು ಎರಡು ಕೆಲಸವನ್ನೂ ಮಾಡಿದವನಲ್ಲ.

೬

ಅಡುಗೆಮನೆಯ ಮಾತು ಬಂದಾಗ ಕನ್ನಡಿಗರ ಈಳಿಗೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕರಾವಳಿಯ ಮೆಟ್ಟುಗತ್ತಿ, ಮರಾಠಿ ಮನೆಯ ವಿಳಿ, ತಮಿಳರ ಅರಿವಾಳ್‌ಮಣೈ, ತೆಲುಗರ ಕತ್ತಿಪೀಟ, ಬಂಗಾಳದ ಬೊಂಟಿ, ಇವೆಲ್ಲ ಒಂದೇ ಕುಲದವು. ಇಲ್ಲಿ ಅಲಗು ಮಣೆಯ ಮೇಲೆ ಸ್ಥಿರವಾಗಿ ನಿಂತಿರುತ್ತದೆ; ಕಾಲು ಮಣೆಯನ್ನು ಮೆಟ್ಟಿ ಹಿಡಿಯುತ್ತದೆ; ಎರಡು ಕೈಗಳೂ ಬಿಡುವಾಗಿದ್ದು ಕಾಯಿಯನ್ನೇ ಅಲಗಿನೆಡೆಗೆ ತಳ್ಳುತ್ತವೆ. ಹಲಸಿನಂಥ ದೊಡ್ಡ ಹಣ್ಣಿಗೂ ಹುರುಳಿಕಾಯಿಯಂಥ ಎಳೆಗಾಯಿಗೂ ಇದು ಒದಗುತ್ತದೆ. ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲುಗಳಿದ್ದರೆ ಇನ್ನೊಂದು ಸಲಕರಣೆಯೂ ಬೇಡ. ನೆಲದ ಮೇಲೆ ಕುಳಿತು ಮಾಡುವ ಅಡುಗೆಗೆ ಇದು ನಿಜವಾಗಿಯೂ ಹೇಳಿ ಮಾಡಿಸಿದ್ದು. ಅಡುಗೆಯ ಕಟ್ಟೆ ಸೊಂಟದೆತ್ತರಕ್ಕೆ ಏರಿದಾಗ, ಮುಂಬಯಿಯಂಥ ನಗರದ ಎರಡು ಕೋಣೆಯ ಮನೆಗಳಲ್ಲಿ ನೆಲವೇ ಸಾಲದಾದಾಗ, ಈಳಿಗೆ ಹಿಂದೆ ಸರಿದು ಕೈಚೂರಿ ಮುಂದೆ ಬಂದದ್ದು ಸಹಜ. ಈಳಿಗೆ ಸೋತದ್ದು ಕೀಳೆಂದು ಅಲ್ಲ. ಅದು ಒದಗುತ್ತಿದ್ದ ಆಸನ ಬದಲಾಯಿತು, ಅಷ್ಟೆ.

ಕಬ್ಬಿಣದ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚಿದರೆ ಹೋಳು ಕಪ್ಪಾಗುತ್ತದೆ, ಬಾಳೆಕಾಯಿಯ ಸೊನೆ ಅಲಗಿಗೆ ಅಂಟುತ್ತದೆ. ಇದನ್ನು ಬಲ್ಲ ಗೃಹಿಣಿ ಹೋಳನ್ನು ಕೂಡಲೇ ನೀರಿಗೆ ಹಾಕುತ್ತಾಳೆ, ಅಲಗಿಗೆ ಎಣ್ಣೆ ಸವರುತ್ತಾಳೆ. ಇಂಗಾಲದ ಉಕ್ಕಿನಿಂದ ಮಾಡಿದ ದುಬಾರಿ ಕೈಚೂರಿಗೂ ಬೇಕಾದ ಆರೈಕೆ ಇಷ್ಟೇ. ಗಿರಾಕಿಗೆ ಇಂದು ಹೊಸದಾಗಿ ಬೋಧಿಸಬೇಕಾದ ವಿದ್ಯೆ ಅಜ್ಜಿಯರ ಕೈಯಲ್ಲಿ ಹೆಸರಿಲ್ಲದೆ ಇತ್ತು.

ಈ ಕಸಬಿನ ಇನ್ನೊಂದು ನಂಬಿಕೆಯನ್ನೂ ಪರೀಕ್ಷಿಸಬೇಕು. ಚೂರಿ ಒಬ್ಬನೇ ಕರ್ತೃವಿನ ಕೃತಿಯಾಗಿರಬೇಕು, ಅಲಗು ಹಿಡಿ ಒರೆಗಳೆಲ್ಲ ಅವನೊಬ್ಬನ ಕೈಯಿಂದಲೇ ಬಂದಿರಬೇಕು ಎಂಬ ಭಾವನೆ ಅಮೆರಿಕದ ಕಸಬಿನಲ್ಲಿ ಬಲವಾಗಿದೆ. ಕವಿಗೆ ಸಲ್ಲುವ ಗೌರವ ಕಮ್ಮಾರನಿಗೂ ಸಲ್ಲಲಿ ಎಂಬ ಹಂಬಲ ಅದರ ಹಿಂದಿದೆ. ಆದರೆ ಅಡುಗೆಚೂರಿಗೆ ಜಗದ್ವಿಖ್ಯಾತವಾದ ಜಪಾನಿನ ಸಕಾಯಿ ಪಟ್ಟಣದಲ್ಲಿ ಬಡಿಯುವವನೊಬ್ಬ, ಬಾಯಿ ತೆಗೆಯುವವನೊಬ್ಬ, ಹಿಡಿ ಕೂಡಿಸುವವನೊಬ್ಬ. ಮೈಸೂರು ಸೀಮೆಯ ಉಕ್ಕನ್ನು ಬೇಯಿಸಿದವನೂ ಪಶ್ಚಿಮ ಏಷ್ಯದಲ್ಲಿ ಅದನ್ನು ಖಡ್ಗವಾಗಿ ಬಡಿದವನೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಒಬ್ಬನ ಸಹಿ ಚೂರಿಯ ಬೆಲೆಯನ್ನು ಏರಿಸಬಹುದು. ಅದರ ಬಾಯನ್ನು ಹರಿತಮಾಡಲಾರದು.

ಅಲಂಕಾರವನ್ನೇ ದೂರುವುದು ಈ ವಿಮರ್ಶೆಯ ಉದ್ದೇಶವಲ್ಲ. ಕೊಡವರ ಪೀಚೆಕತ್ತಿಯ ಬೆಳ್ಳಿಯ ಕುಸುರಿಯನ್ನು ಕಂಡು ಇದರಿಂದ ಏನನ್ನು ಹೆಚ್ಚುತ್ತಾರೆಂದು ಕೇಳುವವನು ಅರಸಿಕ. ಸೊಂಟದ ಪಟ್ಟಿಯಲ್ಲಿ ನಿಂತು ಉಡುಪಿನ ಗೌರವವನ್ನು ಮೆರೆಸುವುದೇ ಅದರ ಕೆಲಸ, ಆ ಕೆಲಸವನ್ನು ಅದು ಸಮರ್ಥವಾಗಿ ಮಾಡುತ್ತದೆ. ಅಗಲವಾದ ಬಾಗಿದ ಒಡಿಕತ್ತಿಯಾದರೋ ಬೆನ್ನ ಹಿಂದಿನ ಕೊಂಡಿಯಲ್ಲಿ ತೂಗುವ ಮತ್ತೊಂದು ಜಾತಿ. ಯುದ್ಧದ ಕಾಲ ಕಳೆದ ಮೇಲೂ ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ಗೌರವ ಅದಕ್ಕೆ ಉಳಿದಿದೆ. ಅಲ್ಲಿ ನೆರೆದವರ ಕಣ್ಣಮುಂದೆ ಅಲಗು ಕಡಿದು ತೋರಬೇಕು. ಆಚರಣೆಯಲ್ಲಿಯೂ ಪರೀಕ್ಷೆಯ ಅಂಶ ಉಳಿದುಕೊಂಡಿರುವುದು ಅರ್ಥಪೂರ್ಣ. ಒಂದು ಕೆಲಸದ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಮಾತ್ರ ದೋಷ: ಕಾಡಿನ ಚೂರಿಯೆಂದು ಗಾಜಿನ ಪೆಟ್ಟಿಗೆಯ ಆಭರಣವನ್ನು, ಅಡುಗೆಯ ಚೂರಿಯೆಂದು ಗೋಡೆಯ ಅಲಂಕಾರವನ್ನು.

೭

ಕರ್ನಾಟಕದ ಹಳ್ಳಿಯ ಆಯಗಾರರಲ್ಲಿ ಕಮ್ಮಾರನೂ ಒಬ್ಬನಾಗಿದ್ದನು. ವರ್ಷದ ಸುಗ್ಗಿಯಲ್ಲಿ ಕಣದಿಂದ ಅವನಿ಺ಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ವರ್ಷವಿಡೀ ಊರಿನ ಕುಳ, ಕುಡುಗೋಲು, ಮಚ್ಚು, ಈಳಿಗೆಗಳು ಅವನ ಕುಲುಮೆಗೆ ಬರುತ್ತಿದ್ದವು. ಮಲೆನಾಡಿನ ಕೂಲಿಕಾರ ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿಯ ಬಾಗು ಎಷ್ಟಿರಬೇಕೆಂಬುದು ಅವನ ತೋಳಿಗೂ ಅವನು ಸವರುವ ಪೊದೆಗೂ ಸೇರಿದ ವಿಚಾರ. ಅದನ್ನು ಅವನು ಕುಲುಮೆಯ ಮುಂದೆ ನಿಂತು ಹೇಳುತ್ತಿದ್ದನು. ಹದ ತಪ್ಪಿದ ಕತ್ತಿ ಒಂದು ವಾರದೊಳಗೆ ಮಾಡಿದವನ ಮುಂದೆಯೇ ಬಂದು ಬೀಳುತ್ತಿತ್ತು, ಜೊತೆಗೆ ನಾಲ್ಕು ಒರಟು ಮಾತುಗಳೂ ಬರುತ್ತಿದ್ದವು. ತಪ್ಪು ಮಾಡಿದವನ ಕೈಗೆ ತಪ್ಪು ಮರಳಿ ಬರುವ ಈ ವ್ಯವಸ್ಥೆಗೆ ಯಾರೂ ವಿಮರ್ಶೆಯೆಂದು ಹೆಸರಿಡಲಿಲ್ಲ. ಆದರೆ ವಿಮರ್ಶೆಯ ಕೆಲಸ ಅದೇ ಅಲ್ಲವೆ?

ಆ ವ್ಯವಸ್ಥೆಯನ್ನು ಹೊಗಳಿ ಅದರ ಕಷ್ಟಗಳನ್ನು ಮರೆಯಬಾರದು. ಕಮ್ಮಾರನ ಹೆಸರು ಊರಾಚೆ ಯಾರಿಗೂ ಗೊತ್ತಿರಲಿಲ್ಲ. ಅವನ ಪಾಲು ಸುಗ್ಗಿಯ ದಯೆಯಲ್ಲಿತ್ತು. ಮಗನು ತಂದೆಯ ಕಸಬನ್ನೇ ಹಿಡಿಯಬೇಕಾಗಿತ್ತು. ಇಂದಿನ ಕೈಚೂರಿಗಾರನಿಗೆ ಸಿಕ್ಕಿರುವ ಹೆಸರು, ಬೆಲೆ, ಸ್ವಾತಂತ್ರ್ಯಗಳು ಅವನಿಗೆ ಸಿಕ್ಕಿರಲಿಲ್ಲ. ಇವನಿಗೆ ಇವೆಲ್ಲ ಸಿಕ್ಕಿವೆ. ದಕ್ಕದೆ ಹೋದದ್ದು ಕತ್ತಿಯನ್ನು ಮರಳಿ ತಂದು ಎಸೆಯುವ ಗಿರಾಕಿ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ ಚೂರಿಯ ದೋಷ ಎಂದೂ ಹೊರಬೀಳುವುದಿಲ್ಲ, ಆದುದರಿಂದ ಎಂದೂ ತಿದ್ದಿಕೊಳ್ಳುವುದಿಲ್ಲ. ಹೀಗೆ ಎರಡು ತಲೆಮಾರು ಕಳೆದರೆ ಹೊಳಪು ಉಳಿದು ಹದ ಮರೆತುಹೋಗುವ ಅಪಾಯವುಂಟು. ಮೂಸೆಯ ಉಕ್ಕಿನ ವಿದ್ಯೆ ಅಳಿದ ಬಗೆಯನ್ನು ಬಲ್ಲವರಿಗೆ ಈ ಅಪಾಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಹೇಳಿ ಮಾಡಿಸಿದ ಚೂರಿಯನ್ನು ಬಯಸುವವನ ಮೇಲೆ ಇದರಿಂದ ಒಂದು ಹೊಣೆ ಬೀಳುತ್ತದೆ. ಏನನ್ನು ಹೆಚ್ಚಬೇಕು, ಎಲ್ಲಿ ಕುಳಿತು ಇಲ್ಲವೆ ನಿಂತು ಹೆಚ್ಚಬೇಕು, ಕೈ ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ದುಡಿಮೆ ಎಂಬುದನ್ನು ಮೊದಲು ಅವನು ಹೇಳಬೇಕು. ಕೈಗೆ ಬಂದ ಚೂರಿಯನ್ನು ಅವನು ದುಡಿಸಬೇಕು, ಸಾಣೆ ಹಿಡಿಸಬೇಕು, ಸವೆಸಬೇಕು. ಬಾಯಿ ಮುಕ್ಕಾದರೆ ಮಾಡಿದವನ ಬಳಿಗೆ ಒಯ್ದು ತೋರಿಸಬೇಕು. ಅಲೆಗೆರೆಯಿದ್ದರೆ ಇರಲಿ; ಎಷ್ಟೋ ವರ್ಷಗಳ ಸಾಣೆಯಲ್ಲಿ ಅದು ಮಾಸಿದ ಮೇಲೂ ಉಳಿಯುವ ಗುಣವೇ ಚೂರಿಯ ಗುಣ. ಚೂರಿಯ ವಿಷಯದಲ್ಲಿ ಹೇಳುವವನ ಬಾಯಿ ಮೊಂಡಾದರೆ ಅಲಗಿನ ಬಾಯಿ ಬಹುಕಾಲ ಹರಿತವಾಗಿ ಉಳಿಯದು.